ಕೊತ್ತಂಬರಿಯ ಮೇಲೆ ಸುಣ್ಣದ ಅಪವಾದ

ಮೊಲ ಸಾಕಿದ ಮನೆಗಳಲ್ಲಿ ಮೊದಲ ಗಾಬರಿ ಸಾಮಾನ್ಯವಾಗಿ ಮೂತ್ರದಿಂದಲೇ ಶುರುವಾಗುತ್ತದೆ. ನಾಯಿ, ಬೆಕ್ಕುಗಳ ತಿಳಿಯಾದ ಮೂತ್ರ ನೋಡಿ ಅಭ್ಯಾಸವಾದವರಿಗೆ ಮೊಲದ ಮೂತ್ರ ಕದಡಿದ ಸುಣ್ಣದ ನೀರು ಅನ್ನಿಸುತ್ತದೆ. ಬಾಲ್ಕನಿಯ ಟೈಲ್ಸ್ ಮೇಲೆ ಅದು ಒಣಗಿದರೆ ಬಿಳಿ ಪುಡಿ ಕೂತಿರುತ್ತದೆ, ಒರೆಸಿದರೂ ಬಿಡುವುದಿಲ್ಲ. ಏನಿದು ಎಂದು ವಿಚಾರಿಸಿದರೆ ಸಿಗುವ ಉತ್ತರ ಸರಿಯಾದದ್ದೇ: ಅದು ಕ್ಯಾಲ್ಸಿಯಂ. ತೊಂದರೆ ಶುರುವಾಗುವುದು ಆ ಉತ್ತರದ ಬೆನ್ನಿಗೇ ಬರುವ ನಿಷೇಧಗಳಿಂದ. ಕೊತ್ತಂಬರಿ ಬೇಡ, ಮೆಂತ್ಯ ಬೇಡ, ದಂಟು ಬೇಡ, ಪಾಲಕ್ ಅಂತೂ ಬೇಡವೇ ಬೇಡ, ಕಲ್ಲಾಗುತ್ತದೆ. ಒಂದೊಂದೇ ಸೊಪ್ಪು ತಟ್ಟೆಯಿಂದ ಎದ್ದುಹೋಗಿ ಕೊನೆಗೆ ಮೊಲದ ಮುಂದೆ ಉಳಿಯುವುದು ಒಂದು ಬಟ್ಟಲು ಪೆಲೆಟ್, ಎರಡು ತುಂಡು ಕ್ಯಾರೆಟ್, ಪಂಜರಕ್ಕೆ ಸಿಕ್ಕಿಸಿದ ನಳಿಕೆಯ ಬಾಟಲಿ. ಮೂತ್ರದ ಕಲ್ಲಿಗೆ ಹೆದರಿ ಮಾಡಿದ ಈ ವ್ಯವಸ್ಥೆಯೇ ಕಲ್ಲಿಗೆ ಹೇಳಿ ಮಾಡಿಸಿದಂತಿದೆ ಎಂಬುದು ಈ ಬರಹದ ವಾದ. ಸಾಕುಮೊಲದ ಕ್ಯಾಲ್ಸಿಯಂ ಲೆಕ್ಕದಲ್ಲಿ ಮೊದಲು ನೋಡಬೇಕಾದದ್ದು ಸೊಪ್ಪಿನ ಕಟ್ಟನ್ನಲ್ಲ. ಯಾವ ಒಣಹುಲ್ಲು, ಎಷ್ಟು ಒಣಹುಲ್ಲು, ಅದರ ಜತೆಗೆ ಎಷ್ಟು ನೀರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಉಳಿದದ್ದು ಚಿಲ್ಲರೆ.

ಮೊಲದ ದೇಹ ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮ ದೇಹದಂತೆ ನಡೆದುಕೊಳ್ಳುವುದಿಲ್ಲ. ಮನುಷ್ಯ, ನಾಯಿ, ಇಲಿ ಇವುಗಳ ಕರುಳು ಬಾಗಿಲಲ್ಲೇ ತಡೆದು ವಿಚಾರಿಸುತ್ತದೆ. ದೇಹಕ್ಕೆ ಬೇಕಾದಷ್ಟನ್ನು ವಿಟಮಿನ್ ಡಿ ನೆರವಿನಿಂದ ಒಳಗೆ ಬಿಟ್ಟುಕೊಂಡು, ಬೇಡವಾದದ್ದನ್ನು ಮಲದ ದಾರಿಗೆ ತಳ್ಳುತ್ತದೆ. ಮೊಲದ ಕರುಳು ಇಷ್ಟು ಬಿಗಿಯಲ್ಲ. ಆಹಾರದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ವಿಟಮಿನ್ ಡಿಯ ಅಪ್ಪಣೆಗೆ ಕಾಯದೆಯೇ ಅದು ಹೀರಿಕೊಳ್ಳುತ್ತದೆ. ಹಾಗಾಗಿ ಮೊಲದ ರಕ್ತದಲ್ಲಿ ಕ್ಯಾಲ್ಸಿಯಂ ಮಟ್ಟ ಇತರ ಬಹುತೇಕ ಸಸ್ತನಿಗಳಿಗಿಂತ ಹೆಚ್ಚು, ಸುಮಾರು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಹೆಚ್ಚು. ತಿಂದದ್ದು ಏರಿದರೆ ಅದೂ ಏರುತ್ತದೆ. ಹೆಚ್ಚಾದದ್ದನ್ನು ಹೊರಹಾಕುವ ಕೆಲಸ ಮೂತ್ರಪಿಂಡದ್ದು. ಮೂತ್ರಪಿಂಡ ಸೋಸಿದ ಕ್ಯಾಲ್ಸಿಯಂನಲ್ಲಿ ಮೂತ್ರಕ್ಕೆ ಹೋಗುವ ಪಾಲು ಬೇರೆ ಸಸ್ತನಿಗಳಲ್ಲಿ ಶೇ 2ಕ್ಕಿಂತ ಕಡಿಮೆ. ಮೊಲದಲ್ಲಿ ಅದು ಶೇ 45ರಿಂದ 60. ಮೊಲದ ಮೂತ್ರ ಕ್ಷಾರೀಯ, ಪಿಎಚ್ 8ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಅಂಥ ದ್ರವದಲ್ಲಿ ಕ್ಯಾಲ್ಸಿಯಂ ಕರಗಿ ಉಳಿಯಲಾರದು, ಕಾರ್ಬೊನೇಟ್ ಹರಳಾಗಿ ಕೂರುತ್ತದೆ. ಟೈಲ್ಸ್ ಮೇಲಿನ ಬಿಳಿ ಪುಡಿ ಇದೇ. ಅಂದರೆ ಕದಡಿದ ಮೂತ್ರ ಕಾಯಿಲೆಯ ಗುರುತಲ್ಲ, ವಯಸ್ಕ ಮೊಲದ ಮೂತ್ರಪಿಂಡ ತನ್ನ ಪಾಲಿನ ಕೆಲಸ ಮಾಡುತ್ತಿದೆ ಎಂಬುದರ ಗುರುತು. ತಿಳಿಯಾದ ಮೂತ್ರವೇ ಕೆಲವೊಮ್ಮೆ ಯೋಚನೆಗೆ ಹಚ್ಚಬೇಕು. ಬೆಳೆಯುವ ಮರಿ, ಗಬ್ಬದ ಮೊಲ, ಹಾಲೂಡಿಸುವ ತಾಯಿ ಕ್ಯಾಲ್ಸಿಯಂ ಅನ್ನು ತಾವೇ ಬಳಸಿಕೊಳ್ಳುವುದರಿಂದ ಅವುಗಳ ಮೂತ್ರ ತಿಳಿಯಾಗಿರುತ್ತದೆ. ಇವಾವುದೂ ಅಲ್ಲದ ಮೊಲದ ಮೂತ್ರ ಇದ್ದಕ್ಕಿದ್ದಂತೆ ತಿಳಿಯಾದರೆ ಅದು ಮೇವು ಬಿಟ್ಟಿದೆಯೇ ಎಂದು ನೋಡಬೇಕಾಗುತ್ತದೆ.

ಇಂಥ ವಿಚಿತ್ರ ಏರ್ಪಾಡು ಯಾಕೆ ಎಂಬುದಕ್ಕೆ ಒಂದು ಸೊಗಸಾದ ಊಹೆ ಇದೆ. ಕುದುರೆಯ ಮೂತ್ರವೂ ಹೀಗೆಯೇ ಕದಡಿರುತ್ತದೆ. ಮೊಲ, ಕುದುರೆ ಎರಡೂ ಹುಲ್ಲನ್ನು ಹುದುಗಿಸುವುದು ಹೊಟ್ಟೆಯಲ್ಲಲ್ಲ, ಕರುಳಿನ ಹಿಂಭಾಗದಲ್ಲಿ. ಅಲ್ಲಿ ದುಡಿಯುವ ಸೂಕ್ಷ್ಮಜೀವಿಗಳಿಗೆ ರಂಜಕ ಬೇಕು. ಕ್ಯಾಲ್ಸಿಯಂ ಕರುಳಲ್ಲೇ ಉಳಿದರೆ ರಂಜಕವನ್ನು ಹಿಡಿದು ಕಟ್ಟಿಹಾಕುತ್ತದೆ. ಅದಕ್ಕೇ ಈ ಪ್ರಾಣಿಗಳು ಕ್ಯಾಲ್ಸಿಯಂ ಅನ್ನು ಮುಂಚೆಯೇ ಎತ್ತಿಕೊಂಡು ಮೂತ್ರದಲ್ಲಿ ಬಿಡುತ್ತವೆ ಎಂಬ ವಿವರಣೆಯನ್ನು ಜೂರಿಕ್ ವಿಶ್ವವಿದ್ಯಾಲಯದ ಮಾರ್ಕಸ್ ಕ್ಲಾಸ್ ಮತ್ತು ಸಂಗಡಿಗರು ಮುಂದಿಟ್ಟಿದ್ದಾರೆ. ಊಹೆ ನಿಲ್ಲಲಿ, ಬೀಳಲಿ, ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಇಷ್ಟು: ಮೂತ್ರದಲ್ಲಿ ಧಾರಾಳ ಕ್ಯಾಲ್ಸಿಯಂ ಹೋಗುವುದು ಈ ಪ್ರಾಣಿಯ ಸಹಜ ಸ್ಥಿತಿ. ಹಾಗಿರುವಾಗ ಕೆಲವು ಮೊಲಗಳಲ್ಲಿ ಮಾತ್ರ ಅದು ಟೂತ್‌ಪೇಸ್ಟಿನ ಹದಕ್ಕೆ ಗಟ್ಟಿಯಾಗಿ ಮೂತ್ರಕೋಶದ ತಳದಲ್ಲಿ ಕೂರುವುದೇಕೆ, ಕಲ್ಲಾಗುವುದೇಕೆ ಎಂಬುದು ನಾವು ಕೇಳಬೇಕಾದ ಪ್ರಶ್ನೆ. ಎಲ್ಲ ಮೊಲಗಳಲ್ಲೂ ಇರುವ ಸಂಗತಿಯೊಂದನ್ನೇ ಹಿಡಿದು ಕೆಲವಕ್ಕೆ ಮಾತ್ರ ಬರುವ ಕಾಯಿಲೆಯನ್ನು ವಿವರಿಸಲಾಗದು.

ಈಗ ಸ್ವಲ್ಪ ಲೆಕ್ಕ ಹಾಕೋಣ. 2 ಕೆ.ಜಿ. ತೂಗುವ ವಯಸ್ಕ ಮೊಲ ದಿನಕ್ಕೆ 80 ಗ್ರಾಂನಷ್ಟು ಒಣಹುಲ್ಲು ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಟಿಮೊಥಿಯಂಥ ಹುಲ್ಲಿನಲ್ಲಿ ಕ್ಯಾಲ್ಸಿಯಂ ಸುಮಾರು ಶೇ 0.45. ಅಂದರೆ ದಿನಕ್ಕೆ 360 ಮಿಲಿಗ್ರಾಂ. ಅದೇ 80 ಗ್ರಾಂ ಕುದುರೆ ಮಸಾಲೆ ಸೊಪ್ಪಿನ ಒಣಮೇವಾದರೆ, ಅಂದರೆ ಪೊಟ್ಟಣಗಳ ಮೇಲೆ ಅಲ್ಫಾಲ್ಫಾ ಎಂದು ಬರೆದಿರುವ ದ್ವಿದಳ ಮೇವಾದರೆ, ಶೇ 1.4ರ ಲೆಕ್ಕದಲ್ಲಿ 1,120 ಮಿಲಿಗ್ರಾಂ. ಎರಡರ ನಡುವಿನ ಅಂತರ 760 ಮಿಲಿಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ಕೊತ್ತಂಬರಿಯಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 146 ಮಿಲಿಗ್ರಾಂ. ಹುಲ್ಲು ಬದಲಿಸಿದ್ದರಿಂದ ಆದ ಅಂತರವನ್ನು ಕೊತ್ತಂಬರಿಯಿಂದ ತುಂಬಬೇಕಾದರೆ ಮೊಲ ದಿನಕ್ಕೆ ಅರ್ಧ ಕಿಲೋಗೂ ಮಿಕ್ಕಿ ಕೊತ್ತಂಬರಿ ತಿನ್ನಬೇಕು, ಅದರ ತೂಕದ ಕಾಲುಭಾಗ! ಒಂದು ಹಿಡಿ, ಅಂದರೆ 30 ಗ್ರಾಂ, ಮೆಂತ್ಯದಿಂದ ಬರುವುದು 80 ಮಿಲಿಗ್ರಾಂ. ಅಷ್ಟೇ ದಂಟಿನ ಸೊಪ್ಪಿನಿಂದ 100. ಕರಿಬೇವಿನಲ್ಲಿ 100 ಗ್ರಾಂಗೆ 659 ಮಿಲಿಗ್ರಾಂ ಇರುವುದು ನಿಜ, ಆದರೆ ಯಾವ ಮೊಲವೂ ಕರಿಬೇವನ್ನು ಊಟವಾಗಿ ತಿನ್ನುವುದಿಲ್ಲ. ಒಂದು ಎಸಳಿನಿಂದ ಬರುವುದು ಲೆಕ್ಕಕ್ಕೆ ಬಾರದಷ್ಟು. ನಿಷೇಧದ ಪಟ್ಟಿಗಳ ತುದಿಯಲ್ಲಿ ದಪ್ಪಕ್ಷರದಲ್ಲಿ ಕೂರುವ ಪಾಲಕ್‌ನಲ್ಲಿ 100 ಗ್ರಾಂಗೆ ಇರುವುದು ಕೇವಲ 82 ಮಿಲಿಗ್ರಾಂ, ಅದರಲ್ಲೂ ಬಹುಪಾಲು ಆಕ್ಸಲೇಟ್ ಹಿಡಿತದಲ್ಲಿ ಇರುತ್ತದೆ. ಪಾಲಕ್ ಕಡಿಮೆ ಕೊಡಿ ಎನ್ನಲು ಕಾರಣ ಇದೆ, ಅದು ಆಕ್ಸಲೇಟ್, ಕ್ಯಾಲ್ಸಿಯಂ ಅಲ್ಲ. ನಿಜವಾಗಿ ಎಚ್ಚರ ಬೇಕಾದ ನಮ್ಮ ಸೊಪ್ಪು ಅಗಸೆ, 100 ಗ್ರಾಂಗೆ 900 ಮಿಲಿಗ್ರಾಂ. ಆಮೇಲೆ, ಪ್ರಮಾಣ ಮೀರಿದರೆ, ನುಗ್ಗೆ. ಇವೆರಡೂ ಬೇರೆ ದೇಶಗಳಿಂದ ಬಂದ ನಿಷೇಧದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಇನ್ನೊಂದು ಬಟ್ಟಲನ್ನೂ ಇದೇ ತಕ್ಕಡಿಯಲ್ಲಿಡಬೇಕು. ಪೆಲೆಟ್‌ಗಳಲ್ಲಿ ಕ್ಯಾಲ್ಸಿಯಂ ಶೇ 1ರ ಸುತ್ತಮುತ್ತ ಇರುವುದು ಸಾಮಾನ್ಯ. ಕೆ.ಜಿ. ತೂಕಕ್ಕೆ 25 ಗ್ರಾಂ ಎಂಬುದು ವಯಸ್ಕ ಮೊಲಕ್ಕೆ ಹೇಳುವ ಗರಿಷ್ಠ ಮಿತಿ. ಬಟ್ಟಲು ಖಾಲಿಯಾದ ಹಾಗೆಲ್ಲ ತುಂಬಿಸುವ ಮನೆಗಳಲ್ಲಿ 2 ಕೆ.ಜಿ. ಮೊಲ 80 ಗ್ರಾಂ ಪೆಲೆಟ್ ಮುಗಿಸಿದರೆ 800 ಮಿಲಿಗ್ರಾಂ ಅಲ್ಲಿಂದಲೇ ಬಂತು. ಆ ಮೇಲೆ ಅದು ಹುಲ್ಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಸೊಪ್ಪಿನ ಜತೆ ನೀರಾದರೂ ಬರುತ್ತದೆ: 50 ಗ್ರಾಂ ಕೊತ್ತಂಬರಿ 73 ಮಿಲಿಗ್ರಾಂ ಕ್ಯಾಲ್ಸಿಯಂ ತಂದರೆ ಅದರ ಜತೆಗೆ 40 ಮಿಲಿಲೀಟರಿಗೂ ಹೆಚ್ಚು ನೀರನ್ನೂ ಮೂತ್ರಕೋಶದ ದಾರಿಗೆ ಕಳಿಸುತ್ತದೆ. ಪೆಲೆಟ್ ತರುವುದು ಒಣ ಕ್ಯಾಲ್ಸಿಯಂ ಅನ್ನೇ. ಸೊಪ್ಪು ನಿಲ್ಲಿಸಿ ಪೆಲೆಟ್ ಉಳಿಸಿಕೊಂಡವರು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದಾರೆ.

ನೀರಿನ ಮಾತು ಬಂದದ್ದರಿಂದ ಜೂರಿಕ್‌ನ ಎರಡು ಕೆಲಸಗಳನ್ನು ಇಲ್ಲಿ ಹೇಳಬೇಕು. 2011ರಲ್ಲಿ ಅಲ್ಲಿನ ಸಂಶೋಧಕರು ಮೊಲಗಳಿಗೆ ತೆರೆದ ಬಟ್ಟಲು ಮತ್ತು ನಳಿಕೆಯ ಬಾಟಲಿ ಎರಡನ್ನೂ ಇಟ್ಟು ನೋಡಿದರು. ಮೊಲಗಳು ಬಟ್ಟಲನ್ನೇ ಆರಿಸಿಕೊಂಡವು. ನಳಿಕೆಗಿಂತ ಬಟ್ಟಲಿನಿಂದ ಹೆಚ್ಚು ಕುಡಿದವು. ಪಂಜರದ ಜತೆ ಉಚಿತವಾಗಿ ಬರುವ ಬಾಟಲಿ ಸಾಕಿದವರ ಅನುಕೂಲಕ್ಕೆ ಇದೆ, ಮೊಲದ ಅನುಕೂಲಕ್ಕಲ್ಲ. 2012ರಲ್ಲಿ ಪ್ರಕಟವಾದ ಕ್ಲಾಸ್ ತಂಡದ ಅಧ್ಯಯನ ಇನ್ನೂ ನೇರವಾಗಿ ನಮ್ಮ ಪ್ರಶ್ನೆಗೆ ತಾಗುತ್ತದೆ. ಬೇರೆ ಬೇರೆ ಪ್ರಮಾಣದ ಕ್ಯಾಲ್ಸಿಯಂ ಇರುವ ಆಹಾರಗಳನ್ನು, ಬರೀ ಕುದುರೆ ಮಸಾಲೆಯ ಒಣಮೇವೂ ಸೇರಿದಂತೆ, ಮೊಲಗಳಿಗೆ 25 ವಾರ ಹಾಕಿ ಅವುಗಳ ಮೂತ್ರಕೋಶವನ್ನು ನೋಡಲಾಯಿತು. ಕ್ಯಾಲ್ಸಿಯಂ ಹೆಚ್ಚಿದ್ದ ಗುಂಪಿನ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿತ್ತು, ಮೂತ್ರಪಿಂಡಗಳೂ ಹೆಚ್ಚು ತೂಗುತ್ತಿದ್ದವು. ಆದರೆ ಕಲ್ಲು ಯಾವುದರಲ್ಲೂ ಕಟ್ಟಿರಲಿಲ್ಲ. ಹೆಚ್ಚು ಕ್ಯಾಲ್ಸಿಯಂ ಒಂದೇ ಕಲ್ಲನ್ನು ಹುಟ್ಟಿಸಲಾರದು, ಬೇರೇನೋ ಜತೆಗೂಡಬೇಕು ಎಂಬುದು ಇದರಿಂದ ಹೊರಡುವ ಅರ್ಥ. ಆ ಬೇರೇನೋ ಯಾವುದು ಎಂಬುದಕ್ಕೆ ಚಿಕಿತ್ಸಾಲಯಗಳ ಅನುಭವ ಸುಳಿವು ಕೊಡುತ್ತದೆ. ಮೂತ್ರಕೋಶದಲ್ಲಿ ಕೆಸರು ಕೂತ ಮೊಲಗಳಲ್ಲಿ ಮತ್ತೆ ಮತ್ತೆ ಕಾಣುವುದು ಸ್ಥೂಲಕಾಯ, ಕಿರಿದಾದ ಪಂಜರ, ಕಡಿಮೆ ನೀರು, ಪೆಲೆಟ್‌ಪ್ರಧಾನ ಊಟ, ಇಲ್ಲವೇ ಬೆನ್ನುನೋವಿನಿಂದ ಸರಿಯಾಗಿ ಕೂತು ಮೂತ್ರ ಮಾಡಲಾಗದ ಸ್ಥಿತಿ. ಓಡಾಡುವ, ಕುಪ್ಪಳಿಸುವ ಮೊಲದ ಮೂತ್ರಕೋಶದಲ್ಲಿ ಹರಳುಗಳು ತಳ ಹಿಡಿಯಲು ಬಿಡುವು ಸಿಗುವುದಿಲ್ಲ. ಅದು ಆಗಾಗ ಪೂರ್ತಿ ಖಾಲಿಯೂ ಆಗುತ್ತದೆ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಕುದುರೆ ಮಸಾಲೆ ತಿಂದರೂ ಕಲ್ಲಾಗಲಿಲ್ಲವೆಂದರೆ ಅದನ್ನೇ ಹಾಕಬಹುದಲ್ಲ? ನಮ್ಮಲ್ಲಿ ಹಾಲಿನ ದನಗಳಿಗೆಂದು ಬೆಳೆಯುವ ಮೇವು, ಹಸಿಯಾಗಿ ಕಟ್ಟು ಕಟ್ಟಾಗಿ ಸಿಗುತ್ತದೆ, ಮೊಲಗಳಿಗೂ ಪ್ರಾಣ. ಉತ್ತರ: ಮರಿಗಳಿಗೆ, ಗಬ್ಬದ ಮತ್ತು ಹಾಲೂಡಿಸುವ ತಾಯಂದಿರಿಗೆ, ಕಾಯಿಲೆಯಿಂದ ಸೊರಗಿ ತೂಕ ಕಳೆದುಕೊಂಡವಕ್ಕೆ ಧಾರಾಳವಾಗಿ ಹಾಕಬಹುದು. ಅವಕ್ಕೆ ಆ ಪ್ರೋಟೀನ್, ಆ ಕ್ಯಾಲ್ಸಿಯಂ ಎರಡೂ ಬೇಕು. ಆರೇಳು ತಿಂಗಳು ದಾಟಿದ, ಮನೆಯೊಳಗೆ ಕೂತಿರುವ ಮೊಲಕ್ಕೆ ಅದು ದಿನದ ಮೇವಾಗಬಾರದು. ಇದಕ್ಕೆ ಮೊದಲ ಕಾರಣ ಕ್ಯಾಲ್ಸಿಯಂ ಅಲ್ಲವೇ ಅಲ್ಲ, ಪ್ರೋಟೀನು ಮತ್ತು ಶಕ್ತಿ. ಕುದುರೆ ಮಸಾಲೆಯಲ್ಲಿ ಪ್ರೋಟೀನು ಶೇ 15ರಿಂದ 20, ಹುಲ್ಲುಗಳಲ್ಲಿ ಅದರ ಅರ್ಧದಷ್ಟು. ವಯಸ್ಕ ಮೊಲ ಕೊಬ್ಬುತ್ತದೆ. ತಾನು ತಿನ್ನಬೇಕಾದ ಮೆದು ಹಿಕ್ಕೆಯನ್ನು ತಿನ್ನದೆ ಬಿಟ್ಟು ಹಿಂಭಾಗ ಹೊಲಸು ಮಾಡಿಕೊಳ್ಳುತ್ತದೆ. ಕೊಬ್ಬಿದ ಮೇಲೆ ಓಡಾಟ ಕಡಿಮೆ, ಓಡಾಟ ಕಡಿಮೆಯಾದ ಮೇಲೆ ಮೂತ್ರಕೋಶದ ಕೆಸರು. ಕ್ಯಾಲ್ಸಿಯಂ ಎರಡನೆಯ ಕಾರಣ, ಅದೂ ಈ ಸರಪಳಿಯ ತುದಿಯಲ್ಲಿ. ಜೂರಿಕ್ ಅಧ್ಯಯನದ 25 ವಾರ ಎಂಟು ಹತ್ತು ವರ್ಷ ಬಾಳಬಹುದಾದ ಪ್ರಾಣಿಯ ಆಯುಸ್ಸಿನಲ್ಲಿ ದೊಡ್ಡ ಅವಧಿಯಲ್ಲ ಎಂಬುದನ್ನೂ ಮರೆಯುವಂತಿಲ್ಲ. ದಪ್ಪವಾದ ಮೂತ್ರಪಿಂಡಗಳು ಹೆಚ್ಚಿಗೆ ದುಡಿದ ಮೂತ್ರಪಿಂಡಗಳೇ.

ಹಾಗಾದರೆ ಆದಷ್ಟು ಕಡಿಮೆ ಕ್ಯಾಲ್ಸಿಯಂ ಕೊಡುವುದೇ ಕ್ಷೇಮವಲ್ಲವೇ ಎಂಬುದು ಮುಂದಿನ ಆಕ್ಷೇಪ. ಕಲ್ಲು ಕ್ಯಾಲ್ಸಿಯಂನಿಂದಲೇ ಆದದ್ದು, ಕ್ಯಾಲ್ಸಿಯಂ ತೆಗೆದುಬಿಟ್ಟರೆ ಕಲ್ಲೆಲ್ಲಿ? ಮನುಷ್ಯರ ವೈದ್ಯದಲ್ಲೂ ಈ ತರ್ಕ ದಶಕಗಳ ಕಾಲ ನಡೆಯಿತು. ಇಟಲಿಯಲ್ಲಿ ಮೂತ್ರಪಿಂಡದ ಕಲ್ಲಿನ 120 ಗಂಡಸರನ್ನು ಐದು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ಯಾಲ್ಸಿಯಂ ಕಡಿತ ಮಾಡಿದವರಿಗಿಂತ ಎಂದಿನಷ್ಟೇ ಕ್ಯಾಲ್ಸಿಯಂ ಸೇವಿಸಿ ಉಪ್ಪು, ಮಾಂಸ ಇಳಿಸಿದವರಲ್ಲಿ ಕಲ್ಲು ಮರುಕಳಿಸಿದ್ದು ಕಡಿಮೆ. ಮನುಷ್ಯರ ಕಲ್ಲು ಹೆಚ್ಚಾಗಿ ಆಕ್ಸಲೇಟ್‌ನದು, ಮೊಲದ್ದು ಹೆಚ್ಚಾಗಿ ಕಾರ್ಬೊನೇಟ್‌ನದು, ಆದ್ದರಿಂದ ಆ ಫಲಿತಾಂಶವನ್ನು ಎತ್ತಿ ಇಲ್ಲಿ ಅಂಟಿಸಲಾಗದು. ಮೊಲದಲ್ಲಿ ಕಡಿತದ ಅಪಾಯ ಬೇರೆ ಜಾಗದಲ್ಲಿದೆ, ಅದರ ಬಾಯಲ್ಲಿ. ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಮುಂಬಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಹೊಸ ಹಲ್ಲಿಗೂ, ಅದನ್ನು ಹಿಡಿದಿಟ್ಟಿರುವ ದವಡೆಯ ಎಲುಬಿಗೂ ಪ್ರತಿದಿನ ಕ್ಯಾಲ್ಸಿಯಂ ಬೇಕು. ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಿಸ್ ಹಾರ್ಕೋರ್ಟ್ ಬ್ರೌನ್ 1990ರ ದಶಕದಲ್ಲಿ ಎತ್ತಿದ ಪ್ರಶ್ನೆ ಇದೇ. ಕಾಳು, ಬೇಳೆ, ಪೆಲೆಟ್ ಬೆರೆಸಿದ ಮಿಶ್ರಣಗಳನ್ನು ಹಾಕಿದಾಗ ಮೊಲಗಳು ರುಚಿಯಾದ ಕಾಳನ್ನು ಹೆಕ್ಕಿ ತಿಂದು ಖನಿಜ ಬೆರೆಸಿದ ಪೆಲೆಟ್ ಚೂರುಗಳನ್ನು ಬಿಟ್ಟುಬಿಡುತ್ತಿದ್ದವು. ಕಾಳಿನಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಅತ್ಯಲ್ಪ. ಸಾಕುಮೊಲಗಳ ಹಲ್ಲಿನ ಕಾಯಿಲೆಯ ಹಿಂದೆ ಕ್ಯಾಲ್ಸಿಯಂ ಕೊರತೆಯ ಎಲುಬಿನ ದೌರ್ಬಲ್ಯವೂ ಇರಬಹುದು ಎಂದು ಅವರು ವಾದಿಸಿದರು. ಸವೆತದ ಕೊರತೆಯೇ ಮುಖ್ಯ ಎನ್ನುವವರು ಈಗಲೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಆದರೆ ಎಡಿನ್‌ಬರೋದಲ್ಲಿ 32 ಮೊಲಗಳನ್ನು 17 ತಿಂಗಳು ನಾಲ್ಕು ಬಗೆಯ ಊಟದಲ್ಲಿಟ್ಟು ನೋಡಿದ ಪ್ರಯೋಗದಲ್ಲಿ ಹಲ್ಲು ಕೆಟ್ಟದ್ದು ಕಾಳಿನ ಮಿಶ್ರಣ ತಿಂದವುಗಳಲ್ಲಿ. ಬರೀ ಒಣಹುಲ್ಲು ತಿಂದವು ಚೆನ್ನಾಗಿದ್ದವು. ಕಾಳಿನ ಮಿಶ್ರಣ ತಿಂದ ಮೊಲಗಳು ಹುಲ್ಲು ಕಡಿಮೆ ತಿಂದದ್ದಷ್ಟೇ ಅಲ್ಲ, ನೀರನ್ನೂ ಕಡಿಮೆ ಕುಡಿದವು. ಹಲ್ಲಿನ ವಾದದಲ್ಲಿ ಯಾರು ಗೆದ್ದರೂ ಮೇವಿನ ತೀರ್ಪು ಬದಲಾಗುವುದಿಲ್ಲ: ಕ್ಯಾಲ್ಸಿಯಂಗೂ ಹುಲ್ಲು, ಸವೆತಕ್ಕೂ ಹುಲ್ಲು, ನೀರಡಿಕೆಗೂ ಹುಲ್ಲು.

ಇದೇ ಜಾಗದಲ್ಲಿ ವಿಟಮಿನ್ ಡಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕ್ಯಾಲ್ಸಿಯಂ ಧಾರಾಳವಾಗಿದ್ದಾಗ ಮೊಲಕ್ಕೆ ಅದು ಬೇಡವೆಂದು ಮೇಲೆ ಹೇಳಿದ್ದಾಯಿತು. ಕ್ಯಾಲ್ಸಿಯಂ ಕಡಿಮೆಯಾದಾಗ ಬೇಕೇಬೇಕು. ಅಪಾರ್ಟ್‌ಮೆಂಟಿನ ಒಳಗೆ ಬಿಸಿಲು ಕಾಣದ ಮೊಲಕ್ಕೆ ಕ್ಯಾಲ್ಸಿಯಂ ಕಡಿತವನ್ನೂ ಹೇರಿದರೆ ಎರಡೂ ಕಡೆಯಿಂದ ಕತ್ತರಿ. ಬಿಸಿಲಲ್ಲಿ ಒಣಗಿಸಿದ ಹುಲ್ಲಿನಲ್ಲಿ ವಿಟಮಿನ್ ಡಿ2 ತಾನಾಗಿಯೇ ಹುಟ್ಟಿರುತ್ತದೆ ಎಂಬುದು ಒಣಹುಲ್ಲಿನ ಪರವಾದ ಇನ್ನೊಂದು ಮಾತು. ಹಾಗೆಂದು ಮನುಷ್ಯರ ಕ್ಯಾಲ್ಸಿಯಂ ಮಾತ್ರೆಯನ್ನೋ ಡಿ3 ಹನಿಯನ್ನೋ ನೀರಿಗೆ ಬೆರೆಸುವ ಸಾಹಸ ಬೇಡ. ಮೊಲಕ್ಕೆ ವಿಟಮಿನ್ ಡಿ ಮಿತಿಮೀರಿದರೆ ರಕ್ತನಾಳದಲ್ಲೂ ಮೂತ್ರಪಿಂಡದಲ್ಲೂ ಸುಣ್ಣ ಕಟ್ಟುತ್ತದೆ, ಅದನ್ನು ಹಿಂದಕ್ಕೆ ತಿರುಗಿಸುವ ಔಷಧಿಯಿಲ್ಲ. ಬೆಳಗಿನ ಎಳೆಬಿಸಿಲು ಸಾಕು.

ಇಷ್ಟು ಗೊಂದಲಕ್ಕೆ ಮೂಲ ಎಲ್ಲಿದೆ ಎಂದು ಹುಡುಕಿದರೆ ಸಿಗುವುದು ಕೋಷ್ಟಕದಲ್ಲಿನ ಒಂದು ಖಾಲಿ ಮನೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1977ರಲ್ಲಿ ಹೊರತಂದ ಮೊಲಗಳ ಪೋಷಕಾಂಶಗಳ ಕೈಪಿಡಿ ಈಗಲೂ ಎಲ್ಲರ ಹಳೆಯ ಆಧಾರ. ಅದರಲ್ಲಿ ಬೆಳೆಯುವ ಮೊಲಕ್ಕೆ ಆಹಾರದಲ್ಲಿ ಶೇ 0.4 ಕ್ಯಾಲ್ಸಿಯಂ, ಗಬ್ಬದ ಮೊಲಕ್ಕೆ 0.45, ಹಾಲೂಡಿಸುವುದಕ್ಕೆ 0.75 ಎಂದಿದೆ. ಬೆಳೆಯದ, ಮರಿ ಹಾಕದ, ಸುಮ್ಮನೆ ಬದುಕಿರುವ ವಯಸ್ಕ ಮೊಲದ ಕಾಲಂನಲ್ಲಿ ಇರುವುದು ಒಂದು ಅಡ್ಡಗೆರೆ. ಪ್ರಮಾಣ ನಿರ್ಧಾರವಾಗಿಲ್ಲ ಎಂಬ ಟಿಪ್ಪಣಿ. ಆಶ್ಚರ್ಯವೇನಿಲ್ಲ. ಆ ವಿಜ್ಞಾನ ಬೆಳೆದದ್ದು ಮಾಂಸಕ್ಕಾಗಿ, ತುಪ್ಪಳಕ್ಕಾಗಿ. ಎರಡು ಮೂರು ತಿಂಗಳಲ್ಲಿ ತೂಕ ಬರಿಸಿ ಮಾರುವ ಮೊಲಕ್ಕೆ ಐದನೇ ವರ್ಷದ ಮೂತ್ರಕೋಶದ ಚಿಂತೆ ಯಾರಿಗೆ? ನಮ್ಮಲ್ಲೂ ಮೊಲದ ಸಂಶೋಧನೆ ನಡೆದದ್ದು ಹೀಗೆಯೇ. ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ, ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿರುವ ಅದರ ಕೇಂದ್ರ, ಇವು ವೈಟ್ ಜೈಂಟ್, ಸೋವಿಯತ್ ಚಿಂಚಿಲಾದಂಥ ಮಾಂಸದ ತಳಿಗಳ ಮೇಲೆ ಕೆಲಸ ಮಾಡಿವೆ. ಸಾಕಣೆದಾರರಿಗೆ ಬೇಕಾದ ಪೆಲೆಟ್ ಇಂಥ ಲೆಕ್ಕಗಳಿಂದ ಹುಟ್ಟಿದ್ದು. ಅದೇ ಸಣ್ಣ ಪೊಟ್ಟಣಗಳಲ್ಲಿ ತುಂಬಿ ಸಾಕುಪ್ರಾಣಿ ಅಂಗಡಿಯ ಕಪಾಟಿಗೆ ಬಂದಾಗ ಯಾವ ವಯಸ್ಸಿನ ಮೊಲಕ್ಕೆ ಎಂಬ ಮಾತು ದಾರಿಯಲ್ಲಿ ಉದುರಿಹೋಗಿರುತ್ತದೆ. ಈಗ ಪಶುವೈದ್ಯರು ಹೇಳುವ ಶೇ 0.5ರಿಂದ 1.0 ಎಂಬ ವ್ಯಾಪ್ತಿ ಆ ಖಾಲಿ ಮನೆಯನ್ನು ಅನುಭವದಿಂದ ತುಂಬಿದ್ದು. ಹೆಚ್ಚಿನ ಹುಲ್ಲುಗಳ ಕ್ಯಾಲ್ಸಿಯಂ ಈ ವ್ಯಾಪ್ತಿಯ ಕೆಳತುದಿಯ ಆಸುಪಾಸಿನಲ್ಲೇ ಇದೆ. ಅಂದರೆ ಹುಲ್ಲಿನ ಮೇಲೆ ಒಂದು ಹಿಡಿ ಸೊಪ್ಪು ಬಿದ್ದರೆ ಲೆಕ್ಕ ಸರಿಹೋಗುತ್ತದೆಯೇ ಹೊರತು ತಪ್ಪುವುದಿಲ್ಲ.

ಯಾವ ಹುಲ್ಲು ಎಂಬ ಪ್ರಶ್ನೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಕೂಡಲೇ ಜೇಬಿನ ಪ್ರಶ್ನೆಯಾಗುತ್ತದೆ. ಟಿಮೊಥಿ ತಂಪುನಾಡಿನ ಹುಲ್ಲು, ನಮ್ಮ ಬಯಲಿನ ಬಿಸಿಲಿಗೆ ಒಗ್ಗದು. ಹೆಚ್ಚಾಗಿ ಆಮದಾಗಿ ಬರುತ್ತದೆ, ಅದಕ್ಕೆ ತಕ್ಕ ಬೆಲೆ. ಅದು ಒಳ್ಳೆಯ ಹುಲ್ಲು, ನಿಜ. ಆದರೆ ಅದರ ಕೀರ್ತಿಗೆ ಮುಖ್ಯ ಕಾರಣ ಅದು ಅಮೆರಿಕದಲ್ಲಿ ಸುಲಭವಾಗಿ ಸಿಗುವುದು. ಮೊಲದ ಮೂಲ ನಾಡು ಸ್ಪೇನ್, ಪೋರ್ಚುಗಲ್‌ಗಳ ಒಣ ಬಯಲು. ಅಲ್ಲಿ ಅದು ಟಿಮೊಥಿಗೆ ಕಾದು ಕೂತಿರಲಿಲ್ಲ. (ನಮ್ಮ ಹೊಲಗಳ ಕಾಡುಮೊಲ ಬೇರೆಯೇ ಕುಲದ್ದು, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಸಾಕುವಂತಿಲ್ಲ.) ಒಣಗಿಸಿದ ಗರಿಕೆ ಯಾವ ಟಿಮೊಥಿಗೂ ನಾಚಬೇಕಿಲ್ಲ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದನ್ನೇ ಬರ್ಮುಡಾ ಹುಲ್ಲೆಂದು ಒಣಗಿಸಿ ಕುದುರೆಗೂ ಮೊಲಕ್ಕೂ ಹಾಕುತ್ತಾರೆ. ರೋಡ್ಸ್ ಹುಲ್ಲು, ತೆನೆ ಹಾಲುಗಟ್ಟುವ ಮುಂಚೆ ಕೊಯ್ದ ಓಟ್ಸ್ ಹುಲ್ಲು, ಗಿನಿ ಹುಲ್ಲು ಎಲ್ಲವೂ ಆದೀತು. ರಾಗಿ ಹುಲ್ಲಿನಲ್ಲಿ ಭತ್ತದ ಹುಲ್ಲಿಗಿಂತ ಕ್ಯಾಲ್ಸಿಯಂ ಹೆಚ್ಚು, ನಮ್ಮ ದನಗಳಿಗೆ ಅದು ಪ್ರಿಯವಾದದ್ದು ಸುಮ್ಮನಲ್ಲ. ಆದರೆ ಕಾಳು ಬಿಡಿಸಿದ ಮೇಲೆ ಉಳಿದ ದಂಟಿನಲ್ಲಿ ಪ್ರೋಟೀನು ತೀರ ಕಡಿಮೆ. ಮೆಲ್ಲಲು ಇರಲಿ, ಅದೊಂದನ್ನೇ ನೆಚ್ಚುವಂತಿಲ್ಲ. ಭತ್ತದ ಹುಲ್ಲು ಹಾಸಲು ಸರಿ, ಉಣಿಸಲು ಅಲ್ಲ. ಶೇಂಗಾ ಹೊಟ್ಟು, ಹುರುಳಿ ಹೊಟ್ಟು ದ್ವಿದಳದವು, ಕುದುರೆ ಮಸಾಲೆಯ ಸಾಲಿಗೇ ಸೇರಬೇಕು: ರುಚಿಗೆ ಒಂದು ಚಿಟಿಕೆ.

ಉಷ್ಣವಲಯದ ಹುಲ್ಲುಗಳ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ಪಶ್ಚಿಮದ ಬರಹಗಳಲ್ಲಿ ಅದು ಅಪರೂಪ. ನೇಪಿಯರ್, ಅಂಜನ್, ಗಿನಿ, ಸೆಟೇರಿಯಾದಂಥ ಹುಲ್ಲುಗಳಲ್ಲಿ ಆಕ್ಸಲೇಟ್ ಹೆಚ್ಚು. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಪ್ರಯೋಗಾಲಯದ ವರದಿಯಲ್ಲಿ ಕಾಣುವ ಕ್ಯಾಲ್ಸಿಯಂ ಎಲ್ಲವೂ ಪ್ರಾಣಿಯ ರಕ್ತಕ್ಕೆ ಸೇರುವುದಿಲ್ಲ. ಇಂಥ ಹುಲ್ಲುಗಳನ್ನಷ್ಟೇ ಮೇಯ್ದ ಕುದುರೆಗಳ ಮುಖದ ಎಲುಬು ಊದಿಕೊಳ್ಳುವ ಕಾಯಿಲೆ ಉಷ್ಣದೇಶಗಳಲ್ಲಿ ಹಳೆಯ ಪರಿಚಯ. ಮೊಲ ಕುದುರೆಯಲ್ಲ, ಆದರೂ ಎಚ್ಚರಿಕೆಯಾಗಿ ನೇಪಿಯರ್ ಒಂದನ್ನೇ ವರ್ಷವಿಡೀ ಹಾಕುವ ಬದಲು ಆಕ್ಸಲೇಟ್ ಕಡಿಮೆಯಿರುವ ಗರಿಕೆ ಅಥವಾ ರೋಡ್ಸ್ ಅನ್ನು ಮುಖ್ಯವಾಗಿಟ್ಟು ಉಳಿದವನ್ನು ಬೆರೆಸುವುದು ಜಾಣತನ. ಎರಡು ಮೂರು ಹುಲ್ಲು ಬೆರೆಸಿದರೆ ಇನ್ನೊಂದು ಲಾಭ: ಒಂದು ಊರಿನ ಮಣ್ಣು, ಒಂದು ಕೊಯ್ಲಿನ ಏರುಪೇರು ಇನ್ನೊಂದರಲ್ಲಿ ಸರಿದೂಗುತ್ತದೆ. ಒಂದೇ ಹುಲ್ಲಿನ ಎಳೆ ಕೊಯ್ಲಿಗೂ ಬಲಿತ ಕೊಯ್ಲಿಗೂ, ಎಲೆಗೂ ಕಾಂಡಕ್ಕೂ ಕ್ಯಾಲ್ಸಿಯಂ ಬೇರೆ. ಹಾಗಾಗಿ ಮೇಲೆ ಕೊಟ್ಟ ಶೇ 0.45ನ್ನು ಯಾರೂ ಕಲ್ಲಿನ ಮೇಲೆ ಕೊರೆಯಬೇಕಾಗಿಲ್ಲ.

ನಮ್ಮ ಮೊಲ ಹುಲ್ಲು ತಿನ್ನುವುದೇ ಇಲ್ಲ ಎಂಬ ದೂರು ಉಳಿಯಿತು. ಹೆಚ್ಚಿನ ಕಡೆ ಅದಕ್ಕೆ ಕಾರಣ ಪೆಲೆಟ್ ಬಟ್ಟಲು. ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಅದನ್ನು ಇಳಿಸಿ, ದಿನವೂ ತೂಕ ನೋಡುತ್ತ ಬಂದರೆ ಹುಲ್ಲು ಮುಟ್ಟದ ಮೊಲ ಅಪರೂಪ. ಒಮ್ಮೆಲೇ ನಿಲ್ಲಿಸಿ ಉಪವಾಸ ಕೆಡವುವುದು ಮಾತ್ರ ಸಲ್ಲ. ಅರ್ಧ ದಿನ ಏನೂ ತಿನ್ನದ ಮೊಲದ ಕರುಳು ನಿಂತುಬಿಡಬಹುದು, ಅದು ತುರ್ತು ಚಿಕಿತ್ಸೆಯ ಸಂಗತಿ. ಬದಲಾವಣೆ ಮಾಡುವ ಮುಂಚೆ ಹಲ್ಲು ನೋಡಿಸಬೇಕು, ಯಾಕೆಂದರೆ ನೋವಿರುವ ಬಾಯಿ ಮೊದಲು ಬಿಡುವುದು ಹುಲ್ಲನ್ನೇ. ಇನ್ನು ಕೆಲವು ಕಡೆ ಮೊಲ ಸರಿ, ಹುಲ್ಲೇ ಸರಿಯಿಲ್ಲ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಗಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬೆವತ ಹುಲ್ಲು ವಾರದಲ್ಲಿ ಬೂಸಲು ಹಿಡಿಯುತ್ತದೆ. ಒಣಹುಲ್ಲಿನಲ್ಲಿ ತೇವಾಂಶ ಶೇ 15 ದಾಟಬಾರದು, ಗಾಳಿಯಾಡುವ ಬಟ್ಟೆಚೀಲದಲ್ಲಿ ನೆಲದಿಂದ ಮೇಲಿಡಬೇಕು. ಮೂಗಿಗೆ ಹಿಡಿದರೆ ಬಣವೆಯ ಸಿಹಿ ವಾಸನೆ ಬರಬೇಕು. ಕಮಟು ಬಂದರೆ ಎಸೆಯಬೇಕು, ಎಷ್ಟೇ ದುಡ್ಡು ಕೊಟ್ಟು ತಂದಿದ್ದರೂ. ರಸ್ತೆಬದಿಯ ಗರಿಕೆ, ಔಷಧಿ ಹೊಡೆದ ಉದ್ಯಾನದ ಗರಿಕೆ ಎರಡೂ ಬೇಡ.

ಈವರೆಗಿನ ವಾದ ಆರೋಗ್ಯವಂತ ಮೊಲಕ್ಕೆ. ಈಗಾಗಲೇ ಕೆಸರು ಅಥವಾ ಕಲ್ಲು ಕಂಡ ಮೊಲದ ಮಾತು ಬೇರೆ, ಅಲ್ಲಿ ಕ್ಯಾಲ್ಸಿಯಂ ಇಳಿಸಲು ಪಶುವೈದ್ಯರು ಹೇಳಿದರೆ ಅದಕ್ಕೆ ಅರ್ಥವಿದೆ. ಮೂತ್ರಕ್ಕೆ ಕೂತು ತಿಣುಕುವುದು, ಹನಿಹನಿಯಾಗಿ ಮೂತ್ರ ಸೋರಿ ತೊಡೆಯ ಕೂದಲು ಉದುರುವುದು, ಹಲ್ಲು ಕಡಿಯುವುದು, ಪೇಸ್ಟಿನಂಥ ಮೂತ್ರ, ರಕ್ತ, ಇವು ಕಂಡರೆ ಎಕ್ಸ್‌ರೇ ಆಗಬೇಕು. ಕೆಂಪು ಮೂತ್ರವೆಲ್ಲ ರಕ್ತವಲ್ಲ. ಕೆಲವು ಸೊಪ್ಪುಗಳ ಬಣ್ಣವೂ ಹಾಗೆ ಇಳಿಯುತ್ತದೆ, ಪರೀಕ್ಷೆಯಿಂದ ಮಾತ್ರ ಗೊತ್ತಾಗುವಂಥದ್ದು. ಅಂಥ ಮೊಲದ ಊಟದಲ್ಲೂ ಮೊದಲು ಹೋಗಬೇಕಾದದ್ದು ಕುದುರೆ ಮಸಾಲೆ, ಆಮೇಲೆ ಪೆಲೆಟ್. ನೀರಿನಲ್ಲಿ ಅದ್ದಿದ ಸೊಪ್ಪು ಉಳಿಯಬೇಕಾದ ಪಟ್ಟಿಯಲ್ಲಿರುತ್ತದೆ, ನೀರನ್ನು ಒಳಗೆ ತಲುಪಿಸುವ ಸುಲಭದ ದಾರಿ ಅದೇ ಆದ್ದರಿಂದ.

ಮೊಲ ಸಾಕಿದವರು ಅಂಗಡಿಯಲ್ಲಿ ಕೇಳಿ ಪಡೆಯಬೇಕಾದ ಒಂದು ಮಾಹಿತಿ ಇದೆ, ಈಗ ಅಪರೂಪಕ್ಕಷ್ಟೇ ಸಿಗುವಂಥದ್ದು. ಪೊಟ್ಟಣದ ಮೇಲೆ ಹುಲ್ಲಿನ ಹೆಸರು, ಕೊಯ್ದ ತಿಂಗಳು, ನಾರು, ಪ್ರೋಟೀನು, ಕ್ಯಾಲ್ಸಿಯಂ ಇಷ್ಟು ಅಚ್ಚಾಗಿರಬೇಕು. ಮೇವನ್ನು ಪರೀಕ್ಷಿಸುವ ವಿದ್ಯೆ ನಮ್ಮಲ್ಲಿ ಹೊಸದೇನಲ್ಲ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ 1962ರಿಂದ ಇದೆ, ಧಾರವಾಡದಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಬೆಂಗಳೂರಿನ ಆಡುಗೋಡಿಯಲ್ಲಿ ಪ್ರಾಣಿ ಪೋಷಣೆಗೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಇದೆ. ಕೋಲಾರದ ಬಿಸಿಲಲ್ಲೋ ಧಾರವಾಡದ ಬಯಲಲ್ಲೋ ಒಣಗಿದ ರೋಡ್ಸ್ ಹುಲ್ಲಿನ ಒಂದು ಕಟ್ಟು ತನ್ನ ಕ್ಯಾಲ್ಸಿಯಂ ಅಂಕಿಯನ್ನು ಹೊತ್ತು ಮಾರುಕಟ್ಟೆಗೆ ಬಂದರೆ, ಆಮದಿನ ಪೊಟ್ಟಣದ ಪಕ್ಕದಲ್ಲಿಟ್ಟು ಎರಡರ ಬೆಲೆಯನ್ನೂ ಅಂಕಿಯನ್ನೂ ಹೋಲಿಸಿ ಕೊಳ್ಳುವುದು ಗಿರಾಕಿಗೆ ಬಿಟ್ಟದ್ದು.